ನಮ್ಮವರು ಕಟ್ಟಿದ್ದಲ್ಲ, ಚಾಮರು ಕಟ್ಟಿದ್ದು

ನಾನಿರುವುದು ವಿಯೆಟ್ನಾಮಿನ ಹೋ ಚಿ ಮಿನ್ ಸಿಟಿಯಲ್ಲಿ. ಊರಿನಿಂದ ಬಂದ ನೆಂಟರೆಲ್ಲ ಇಲ್ಲಿನ ಹಳೆಯ ಗುಡಿಗಳ ತಾಣ ಮೀ ಸನ್ ನೋಡಬೇಕು ಅನ್ನುತ್ತಾರೆ. ನೋಡಬೇಕಾದ್ದೇ. ಸುತ್ತ ಬೆಟ್ಟ, ನಡುವೆ ಕಣಿವೆ. 4ನೇ ಶತಮಾನದಲ್ಲಿ ಇಲ್ಲಿನ ಚಾಮ್ ಜನರ ರಾಜ ಭದ್ರವರ್ಮ ಅಲ್ಲಿ ಶಿವನಿಗೆ ಗುಡಿ ಕಟ್ಟಿಸಿದ. ಆಮೇಲೂ ನೂರಾರು ವರ್ಷ ಗುಡಿಗಳು ಏಳುತ್ತಲೇ ಇದ್ದವು. ಪಟ್ಟದಕಲ್ಲಿನ ಹಾಗೆ ಕಲ್ಲಿನವಲ್ಲ, ಇಟ್ಟಿಗೆಯವು. ಇಟ್ಟಿಗೆ ನಡುವೆ ಗಾರೆ ಕಾಣುವುದೇ ಇಲ್ಲ. 1969ರಲ್ಲಿ ಅಮೆರಿಕದ ಬಾಂಬು ಬಿದ್ದು ಅಲ್ಲಿನ ದೊಡ್ಡ ಗೋಪುರ ನೆಲಕಚ್ಚಿತು.

"ನಮ್ಮವರು ಎಲ್ಲೆಲ್ಲಿ ಬಂದು ಕಟ್ಟಿದ್ದಾರೆ ನೋಡಿ!" ಪ್ರತಿ ಸಲ ಈ ಮಾತು ಬರುತ್ತದೆ. ನನಗೆ ಇದು ಸರಿ ಅನ್ನಿಸುವುದಿಲ್ಲ. ದೇವರು ಗೊತ್ತಿರುವವನು, ಶಾಸನದ ಸಂಸ್ಕೃತವೂ ಗೊತ್ತಿರುವುದೇ. ಹಾಗಂತ ಕಟ್ಟಿದವರು ನಮ್ಮವರಾಗುತ್ತಾರಾ? ಕದಂಬರೂ ಸಂಸ್ಕೃತದಲ್ಲಿ ಶಾಸನ ಬರೆಸಿದರು. ಅವರನ್ನು ನಾವು ಬೇರೆಯವರು ಅನ್ನುವುದಿಲ್ಲ ಅಲ್ವಾ? ಮೀ ಸನ್ ಹತ್ತಿರ ಚಾಮ್ ಭಾಷೆಯ ಶಾಸನವೂ ಸಿಕ್ಕಿದೆ. ಹೆಚ್ಚು ಕಡಿಮೆ ನಮ್ಮ ಹಲ್ಮಿಡಿ ಶಾಸನದಷ್ಟು ಹಳೆಯದು.

ಆ ಚಾಮರು ಈಗಲೂ ಇದ್ದಾರೆ. ವಿಯೆಟ್ನಾಮಿನಲ್ಲೇ ಲಕ್ಷಕ್ಕೂ ಜಾಸ್ತಿ ಜನ. ಅವರಲ್ಲಿ ಹಲವರು ಮುಸ್ಲಿಮರು, ಉಳಿದವರು ಹಳೆಯ ದೇವರನ್ನೇ ನಡೆಸಿಕೊಂಡು ಬಂದವರು. ಫಾನ್ ರಾಂಗ್ ಊರಿನ ಗುಡ್ಡದ ಮೇಲೆ ಪೋ ಕ್ಲೋಂಗ್ ಗರಾಯ್ ಗುಡಿ ಇದೆ. ಒಳಗೆ ಮುಖಲಿಂಗ. ಆ ಮುಖ ನೀರಾವರಿ ಮಾಡಿಸಿದ ತಮ್ಮ ರಾಜನದು ಎಂದು ಅವರ ನಂಬಿಕೆ. ಕಾತೆ ಹಬ್ಬದ ದಿನ ಬಾಗಿಲು ತೆರೆದು, ದೇವರಿಗೆ ಸ್ನಾನ ಮಾಡಿಸಿ, ಬಟ್ಟೆ ಉಡಿಸುತ್ತಾರೆ. ಆಮೆ ಚಿಪ್ಪಿನ ಪಿಟೀಲು ಹಿಡಿದು ಹಾಡುತ್ತಾರೆ.

ನನ್ನ ಮನಸ್ಸು ತುಂಬಿದ್ದು ಆ ಬಟ್ಟೆಯ ವಿಷಯ ಕೇಳಿ. ಹಬ್ಬಕ್ಕೆ ಅದು ಬೆಟ್ಟದಿಂದ ಇಳಿದು ಬರುತ್ತದೆ. ಅದನ್ನು ಕಾಪಾಡುವವರು ಚಾಮರಲ್ಲ, ರಾಗ್ಲಾಯ್ ಎಂಬ ಬೆಟ್ಟದ ಜನ. ನಾನು ಕರಾವಳಿಯವನು. ನಮ್ಮಲ್ಲಿ ನೇಮದ ದಿನ ದೈವದ ಭಂಡಾರ ಬರುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ದೈವದ ಮೊಗ (ಮುಖವಾಡ), ಕಡ್ಸಲೆ (ಖಡ್ಗ) ಹೊತ್ತವರು ಬಂದರೆ ದಾರಿ ಬಿಟ್ಟು ನಿಲ್ಲುತ್ತೇವೆ. ಫಾನ್ ರಾಂಗಿನಲ್ಲೂ ನಾನು ಹಾಗೇ ಪಕ್ಕಕ್ಕೆ ಸರಿದು ನಿಂತೆ. ಅವರ ಹಬ್ಬ, ಅವರ ದೇವರು. ನಾನು ನೆಂಟ.

ಅದಕ್ಕೇ ಈಗ ಬಂದವರಿಗೆಲ್ಲ ಹೇಳುತ್ತೇನೆ, ಸುಮ್ನೆ ಮೀ ಸನ್ ನೋಡಿ ವಾಪಸ್ ಹೋಗಬೇಡಿ. ಸಾಧ್ಯವಾದರೆ ಕಾತೆ ಹೊತ್ತಿಗೆ, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ ಬನ್ನಿ. ಇಲ್ಲಿಂದ ಫಾನ್ ರಾಂಗಿಗೆ ರೈಲಿದೆ. ಇಳಿಯುವ ಸ್ಟೇಷನ್ ಹೆಸರು ಥಾಪ್ ಚಾಮ್, ಅಂದರೆ ಚಾಮ್ ಗೋಪುರ.