ಡಿಯರ್ ಲೇಟ್

ಕಳೆದ ಮಂಗಳವಾರ ತೋಟದಿಂದ ಬಂದು, ಕೈ ತೊಳೆದು, ಮೊಬೈಲ್ ತೆಗೆದೆ. ಒಂದು ಮೇಲ್ ಬಂದಿತ್ತು. ಮೊದಲ ಸಾಲು: 'ಡಿಯರ್ ಲೇಟ್'. ಎರಡನೇ ಸಾಲು: 'ನಿಮ್ಮ ಮುಂದಿನ 30 ವರ್ಷ ಹೇಗಿರಬೇಕು ಅಂತ ಯೋಚಿಸಿದ್ದೀರಾ?'

ಯೋಚಿಸಿದೆ. ಮೊದಲು ಮೈ ಮುಟ್ಟಿ ನೋಡಿಕೊಂಡೆ. ಬೆಚ್ಚಗೇ ಇತ್ತು. ಆಮೇಲೆ ಹೊಳೆಯಿತು. ಯಾವುದೋ ಅರ್ಜಿಯಲ್ಲಿ 'ಸನ್ ಆಫ್ ಲೇಟ್' ಅಂತ ಅಪ್ಪನ ಹೆಸರು ತುಂಬಿಸಿದ್ದೆ. ಅದನ್ನು ಯಾರೋ ಯಾರಿಗೋ ಮಾರಿದ್ದಾರೆ. ಕೊನೆಗೆ ಯಾವುದೋ ಕಂಪ್ಯೂಟರು ಆ ಸಾಲಿನಿಂದ ಒಂದು ಪದ ಹೆಕ್ಕಿ ನನಗೆ ನಾಮಕರಣ ಮಾಡಿದೆ. ಹೆಂಡತಿಗೆ ತೋರಿಸಿದೆ.

"ಸರಿಯಾಗೇ ಬರೆದಿದ್ದಾರೆ. ಒಂದು ದಿನವಾದ್ರೂ ನೀವು ಹೊತ್ತಿಗೆ ಸರಿಯಾಗಿ ಊಟಕ್ಕೆ ಬಂದದ್ದುಂಟಾ?" ಅಂದಳು.

ನಮ್ಮ ಕಾಸರಗೋಡಿನ ಕಡೆ ಹೆಸರಿನ ಹಿಂದೆ ಒಂದೆರಡು ಇನಿಶಿಯಲ್ ಇದ್ದೇ ಇರುತ್ತದೆ. ಒಂದು ಮನೆಯದ್ದು, ಒಂದು ಅಪ್ಪನದ್ದು. ಹೊರದೇಶದವರು ಮಾಡಿಟ್ಟ ಫಾರಮ್ಮಿಗೆ ಇದೆಲ್ಲ ತಿಳಿಯುವುದಿಲ್ಲ. ಫಸ್ಟ್ ನೇಮ್ ಎಲ್ಲಿ, ಲಾಸ್ಟ್ ನೇಮ್ ಎಲ್ಲಿ ಅಂತ ಅದರ ಹಠ. ಹಾಗಾಗಿ ನನ್ನ ಭಾವನಿಗೆ 'ಡಿಯರ್ ಕೆ' ಅಂತ ಮೇಲ್ ಬರುತ್ತದೆ. ಅವನ ತಮ್ಮನಿಗೂ 'ಡಿಯರ್ ಕೆ'. ಅವರ ಅಪ್ಪನಿಗೂ 'ಡಿಯರ್ ಕೆ'. ಮೂವರದ್ದೂ ಒಂದೇ ಮನೆ, ಒಂದೇ ಕೆ. ರಿಯಾಯಿತಿ ಯಾರಿಗೆ ಅಂತ ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ಈ ಸಂಗತಿಯನ್ನು ಬದಿಯಡ್ಕ ಪೇಟೆಯಲ್ಲಿ ಚಾ ಕುಡಿಯುವಾಗ ಹೇಳಿದೆ. ಹೇಳಬಾರದಿತ್ತು. ಎಲ್ಲರ ಗಾಯವೂ ಬಿಚ್ಚಿಕೊಂಡಿತು.

ನಮ್ಮ ನಿವೃತ್ತ ಮಾಷ್ಟ್ರು 'ಡಿಯರ್ ಕಸ್ಟಮರ್' ಅಂತ ಬಂದ ಪ್ರತಿಯೊಂದು ಮೇಲಿಗೂ ಉತ್ತರ ಬರೆಯುತ್ತಾರೆ. 'ನಾನು ನಿಮ್ಮ ಗ್ರಾಹಕನಲ್ಲ. ನಿಮ್ಮಿಂದ ನಾನು ಏನನ್ನೂ ಕೊಂಡಿಲ್ಲ. ಮೂರನೇ ಸಾಲಿನಲ್ಲಿ ಅಲ್ಪವಿರಾಮ ಬಿಟ್ಟುಹೋಗಿದೆ.' ಉತ್ತರ ಹೋದ ಕೂಡಲೇ ಆಚೆ ಕಡೆಯವರಿಗೆ ಈ ವಿಳಾಸಕ್ಕೆ ಜೀವ ಇದೆ ಅಂತ ಖಾತ್ರಿಯಾಗುತ್ತದೆ. ಮರುದಿನ ಹತ್ತು ಮೇಲ್ ಜಾಸ್ತಿ. ಮಾಷ್ಟ್ರಿಗೆ ಹತ್ತು ಪೇಪರ್ ಜಾಸ್ತಿ. ಪೆನ್ಶನ್ ಆದ ಮೇಲೂ ಇಷ್ಟು ಉತ್ಸಾಹದಿಂದ ಪೇಪರ್ ತಿದ್ದುವವರನ್ನು ನಾನು ಬೇರೆ ಕಂಡಿಲ್ಲ.

ಅಡಿಕೆ ವ್ಯಾಪಾರದವರ ಕಥೆ ಬೇರೆ. ಅವರಿಗೆ 'ಡಿಯರ್ ಫ್ರೆಂಡ್' ಅಂತ ಬರುತ್ತದೆ. ಅವರಿಗೆ ಅದರಲ್ಲಿ ಬೇಜಾರಿಲ್ಲ. "ಪೇಟೆಯಲ್ಲಿ ಯಾರೂ ನನ್ನನ್ನು ಫ್ರೆಂಡ್ ಅನ್ನುವುದಿಲ್ಲ ಮಾರಾಯ್ರೆ, ಇವನಾದ್ರೂ ಅಂದ" ಅಂತಾರೆ. ಸತ್ತುಹೋದ ಯಾವುದೋ ಮಂತ್ರಿಯ ಕೋಟಿಗಟ್ಟಲೆ ಡಾಲರ್ ದಾಟಿಸಲು ಸಹಾಯ ಕೇಳುವ ಕಾಗದ ಅದು. ಈ ಜಾತಿಯ ಮೋಸಕ್ಕೆ 419 ಅಂತಲೇ ಹೆಸರು. ನೈಜೀರಿಯಾದ ಅಪರಾಧ ಕಾನೂನಿನ ಸೆಕ್ಷನ್ ನಂಬರ್ ಅದು. ನಮ್ಮದು 420 ಇತ್ತಲ್ವಾ, ಒಂದೇ ಒಂದು ಅಂಕಿ ಆಚೀಚೆ. 2024ರ ಜುಲೈಯಿಂದ ನಮ್ಮದು 318 ಆಗಿದೆ. ಆದರೆ "ಅವನೊಬ್ಬ 318" ಅಂದರೆ ಬಸ್ ನಂಬರ್ ಅಂದುಕೊಳ್ಳುತ್ತಾರೆ.

ನಿಜ ಹೇಳಬೇಕೆಂದರೆ, ಸಂಬೋಧನೆಯ ವಿಷಯದಲ್ಲಿ ನಾವು ಸ್ವಲ್ಪ ನಾಜೂಕಿನವರೇ. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ಸೀಮೆ ಇದು. ವೇಷ ಕಟ್ಟದೆ, ಕೂತು ಮಾತಿನಲ್ಲೇ ನಡೆಸುವ ನಮ್ಮ ತಾಳಮದ್ದಳೆಯಲ್ಲಿ ಸಂಧಾನಕ್ಕೆ ಬಂದ ಕೃಷ್ಣನನ್ನು ಕೌರವ ಗೊಲ್ಲ ಅನ್ನಬೇಕೋ, ಭಾವ ಅನ್ನಬೇಕೋ ಎಂಬಲ್ಲೇ ಮುಕ್ಕಾಲು ಗಂಟೆ ಹೋಗುತ್ತದೆ. ಸಂಧಾನ ಮುರಿಯುವುದು ಆಮೇಲಿನ ಮಾತು. ಅಜ್ಜ ಸಾಲ ಕೇಳಿ ಬರೆದ ಕಾಗದದಲ್ಲೂ ಮೊದಲು 'ಉಭಯ ಕುಶಲೋಪರಿ' ಇರುತ್ತಿತ್ತು. ಅಂಥ ಊರಿಗೆ ಬಂದು ಯಂತ್ರ ಎರಡೇ ಪದದಲ್ಲಿ ಕೆಲಸ ಮುಗಿಸಿದರೆ ಹೇಗೆ?

ಇನ್ನು ಬ್ಯಾಂಕಿನ ವಿಷಯ. ಯಾವ ಬ್ಯಾಂಕ್ ಅಂತ ಬೇಡ. 'ನಿಮ್ಮ ಹೆಸರಿಲ್ಲದೆ ಡಿಯರ್ ಕಸ್ಟಮರ್ ಅಂತ ಬಂದ ಮೇಲ್ ನಂಬಬೇಡಿ' ಎಂಬ ಎಚ್ಚರಿಕೆ ಅಲ್ಲಿಂದ ನನಗೆ ಬಂತು. ಆ ಮೇಲಿನ ಮೊದಲ ಸಾಲು 'ಡಿಯರ್ ಕಸ್ಟಮರ್'. ಹೇಳಿದ ಹಾಗೆ ನಂಬಲಿಲ್ಲ. ಅದೇ ವಾರ ಇನ್ನೊಂದು ಬಂತು. ಅದರಲ್ಲಿ ನನ್ನ ಪೂರ್ತಿ ಹೆಸರು, ಮನೆ ಹೆಸರು, ಪಿನ್‌ಕೋಡ್, ಎಲ್ಲ ಸರಿಯಾಗಿತ್ತು. ಅದು ಕಳ್ಳರದ್ದು! ಬ್ಯಾಂಕಿನಲ್ಲಿ ನಮ್ಮ ದುಡ್ಡಿದೆ, ಹೆಸರಿಲ್ಲ. ಕಳ್ಳನ ಹತ್ತಿರ ನಮ್ಮ ಹೆಸರಿದೆ, ದುಡ್ಡು ಇನ್ನೂ ಹೋಗಿಲ್ಲ ಅಷ್ಟೇ. ಹೋದರೆ 1930ಕ್ಕೆ ಫೋನ್ ಮಾಡಬೇಕು. ಬೇಡದ ಕರೆಗೂ ಎಸ್ಸೆಮ್ಮೆಸ್ಸಿಗೂ 1909 ಇದೆ. ಬೇಡದ ಮೇಲಿಗೆ? ಮಾಷ್ಟ್ರೇ ಗತಿ.

ಇದೆಲ್ಲಕ್ಕಿಂತ ದೊಡ್ಡ ಗಲಾಟೆ ಆದದ್ದು ಕನ್ನಡದಲ್ಲಿ ಮೇಲ್ ಬಂದಾಗ.

1956ರ ನವೆಂಬರ್ 1ರಿಂದ ನಾವು ಕೇರಳದವರು. ಕಚೇರಿಯ ಕಾಗದಗಳು ಹೆಚ್ಚಾಗಿ ಮಲಯಾಳದಲ್ಲಿ. ಕೆಲವು 'ಪ್ರಿಯಪ್ಪೆಟ್ಟ' ಅಂತ ಶುರು. ಯಾರ ಪ್ರೀತಿ, ಯಾಕೆ ಪ್ರೀತಿ ಅಂತ ಮುಂದಿನ ಸಾಲು ಓದಲು ಮಲಯಾಳ ಬಲ್ಲ ಮಕ್ಕಳು ಶಾಲೆಯಿಂದ ಬರಬೇಕು. ಸಂವಿಧಾನದ 350ನೇ ವಿಧಿ ಇದೆ. ನಮ್ಮ ಅಹವಾಲನ್ನು ನಮ್ಮ ಭಾಷೆಯಲ್ಲೇ ಕೊಡಬಹುದು ಅನ್ನುತ್ತದೆ. ಉತ್ತರ ಯಾವ ಭಾಷೆಯಲ್ಲಿ ಅಂತ ಅದರಲ್ಲಿಲ್ಲ. ನಾವು ಕೊಡುತ್ತಾ ಬಂದಿದ್ದೇವೆ.

ಹೀಗಿರುವಾಗ ಒಂದು ದಿನ ಪೇಟೆಯ ಅರ್ಧ ಜನರ ಮೊಬೈಲಿಗೆ ಕನ್ನಡದಲ್ಲೇ ಒಂದು ಮೇಲ್. 'ಆತ್ಮೀಯ ಮೌಲ್ಯಯುತ ಗ್ರಾಹಕ, ನಿಮ್ಮ ಖಾತೆಯನ್ನು ನೇತುಹಾಕಲಾಗಿದೆ. ಬಿಡಿಸಿಕೊಳ್ಳಲು ಕೆಳಗೆ ಒತ್ತಿರಿ.' ಇಂಗ್ಲಿಷಿನ ಸಸ್ಪೆಂಡು ಯಂತ್ರದ ಕೈಗೆ ಸಿಕ್ಕಿ ನೇಣು ಹಾಕಿಕೊಂಡಿತ್ತು. ಹೋಟೆಲಿನಲ್ಲಿ ಮೊಬೈಲ್ ಕೈಯಿಂದ ಕೈಗೆ ಹೋಯಿತು. ಮಾಷ್ಟ್ರು ಕನ್ನಡಕ ಏರಿಸಿ ಎರಡು ಸಲ ಓದಿದರು. ತಿದ್ದಲು ಏನೂ ಸಿಗಲಿಲ್ಲ.

"ಕಾಗುಣಿತ ಒಂದೂ ತಪ್ಪಿಲ್ಲ ಮಾರಾಯ್ರೆ," ಅಂದರು. ಸ್ವರ ಸ್ವಲ್ಪ ನಡುಗುತ್ತಿತ್ತು. "ನಾವು ಮನವಿ ಕೊಡದೆ, ಧರಣಿ ಕೂರದೆ, ತಾನಾಗಿ ಕನ್ನಡದಲ್ಲಿ ಕಾಗದ ಬರೆದವನು ಇವನೊಬ್ಬನೇ."

"ಇವನು ಕಳ್ಳ, ಮಾಷ್ಟ್ರೇ."

"ಕಳ್ಳ ಆಗಿರಬಹುದು. ಅಭಿಮಾನ ಇದೆಯಲ್ಲ."

ಕೆಳಗೆ ಒತ್ತುವುದೇ ಕನ್ನಡದ ಕೆಲಸ ಅಂತ ಹೊರಟ ಇಬ್ಬರನ್ನು ಹಿಡಿದು ಕೂರಿಸಬೇಕಾಯಿತು.

ಕೇರಳದಲ್ಲಿ ಸಂಬೋಧನೆಯ ಸುಧಾರಣೆಯೂ ನಡೆದಿದೆ, ಇಲ್ಲ ಅನ್ನುವಂತಿಲ್ಲ. 2021ರಲ್ಲಿ ಪಾಲಕ್ಕಾಡಿನ ಮಾತೂರು ಪಂಚಾಯತು, ಕಚೇರಿಗೆ ಬಂದವರು 'ಸರ್', 'ಮೇಡಂ' ಅನ್ನಬೇಕಿಲ್ಲ ಅಂತ ನಿರ್ಣಯ ಮಾಡಿತು. ಒಳ್ಳೆಯದೇ. ನಾವು ಅವರನ್ನು ಹೆಸರು ಹಿಡಿದು ಕರೆಯಬಹುದು. ಈ ಸುದ್ದಿ ಓದಿದ ಮಾಷ್ಟ್ರು ಒಂದು ಕಚೇರಿಯ ಕಿಟಕಿಯಲ್ಲಿ ಪ್ರಯೋಗ ಮಾಡಿದರು. ಒಳಗಿನವರು ತಲೆ ಎತ್ತಲಿಲ್ಲ. "ಟೋಕನ್ 46," ಅಂದರು.

ಯಂತ್ರದ ಮೇಲೆ ಇಷ್ಟೆಲ್ಲ ಸಿಟ್ಟು ಮಾಡುವ ನಾವು ಮಾಡುವುದೇನು ಅಂತ ಕೇಳಿ. ನಮ್ಮಲ್ಲಿ ಮದುವೆಯ ಹೇಳಿಕೆ ಕಾಗದದ ಲಕೋಟೆಯಲ್ಲಿ 'ಶ್ರೀ' ಅಂತ ಅಚ್ಚು ಮಾಡಿ ಮುಂದೆ ಚುಕ್ಕಿ ಚುಕ್ಕಿ ಗೆರೆ ಬಿಟ್ಟಿರುತ್ತದೆ. ಹೆಸರು ಬರೆಯಲಿಕ್ಕೆ. ಹೇಳಿಕೆಗೆ ಹೊರಟವರು ಕಾರಲ್ಲಿ ಐವತ್ತು ಖಾಲಿ ಲಕೋಟೆ ಇಟ್ಟುಕೊಂಡು, ಗೇಟಿನ ಹತ್ತಿರ ನಿಲ್ಲಿಸಿ, "ಇವರ ಹೆಸರೇನು?" ಅಂತ ಒಬ್ಬರನ್ನೊಬ್ಬರು ಕೇಳುತ್ತಾರೆ. ನಾನು ಜಗಲಿಯಲ್ಲಿ ಕೂತು ಕೇಳಿಸಿಕೊಂಡಿದ್ದೇನೆ. ಬಂದವರು ನನ್ನ ಷಡ್ಡಕನ ಕಡೆಯವರು. ಇಪ್ಪತ್ತು ವರ್ಷದಿಂದ ನನ್ನನ್ನು 'ಭಾವ' ಅಂತ ಕರೆಯುತ್ತಾ ಬಂದವರು. ಕೊನೆಗೆ ಚುಕ್ಕಿ ಗೆರೆ ಹಾಗೇ ಬಿಟ್ಟು, ಮೂಲೆಗೆ ಅರಸಿನ ಹಚ್ಚಿದ ಲಕೋಟೆ ಕೈಗಿಟ್ಟು, "ಎಲ್ಲರೂ ಬರಬೇಕು ಭಾವ" ಅಂದರು. ಡಿಯರ್ ಕಸ್ಟಮರ್‌ಗಿಂತ ಎಷ್ಟು ಮೇಲು?

ಬೇಡದ ಮೇಲ್ ಕಳಿಸಿದವರಲ್ಲಿ ಮೊದಲಿಗ ಅಮೆರಿಕದ ಗ್ಯಾರಿ ಥರ್ಕ್ ಅನ್ನುತ್ತಾರೆ. 1978ರ ಮೇ 3ರಂದು, ಹೊಸ ಕಂಪ್ಯೂಟರ್ ನೋಡಲು ಬನ್ನಿ ಅಂತ ಸುಮಾರು 400 ಜನಕ್ಕೆ ಒಂದೇ ಕಾಗದ. ಯಾರನ್ನೂ ಹೆಸರು ಹಿಡಿದು ಕರೆಯಲಿಲ್ಲ. ಆದರೆ ವಿಳಾಸಗಳು ತಮ್ಮ ಜಾಗದಲ್ಲಿ ಹಿಡಿಸದೆ ಕಾಗದದ ಒಳಕ್ಕೇ ಹರಿದಿದ್ದವಂತೆ. ಬೈಗುಳವೂ ಬಂತು, ವ್ಯಾಪಾರವೂ ಆಯಿತು ಅಂತ ಅವನೇ ಹೇಳಿಕೊಂಡಿದ್ದಾನೆ. ನಾನು ನಂಬಿರಲಿಲ್ಲ.

ಈಗ ನಂಬುತ್ತೇನೆ. ನಮ್ಮ ತಾಳಮದ್ದಳೆ ಸಂಘದ ಕಾರ್ಯದರ್ಶಿ ನಾನೇ. ವಾರ್ಷಿಕೋತ್ಸವದ ಆಮಂತ್ರಣ ಒಬ್ಬೊಬ್ಬರ ಹೆಸರು ಹಾಕಿಯೇ ಹೋಗಬೇಕು ಅಂತ ನನ್ನ ಹಠ. "ಸುಮ್ನೆ ಪಟ್ಟಿ ಕೊಡಿ ಮಾವ, ಕಂಪ್ಯೂಟರೇ ಹಾಕ್ತದೆ" ಅಂತ ಸೋದರಳಿಯ ಕೂತ. ಪಟ್ಟಿಯಲ್ಲಿ ಹೆಸರು, ಮನೆ, ವರ್ಗಣಿ ಬಾಕಿ ಅಂತ ಮೂರು ಸಾಲು. ಅವನು ಯಾವ ಸಾಲು ಆರಿಸಿದನೋ, ಒತ್ತಿದ. 84 ಮಂದಿಗೆ ಹೋಯಿತು.

'ಆತ್ಮೀಯ 500 ಬಾಕಿ ಅವರೇ.' ಕೊಟ್ಟು ಮುಗಿಸಿದವರಿಗೆ 'ಆತ್ಮೀಯ ಏನೂ ಇಲ್ಲ ಅವರೇ.' ನಮ್ಮ ಅಧ್ಯಕ್ಷರ ಹೆಸರಿನ ಎದುರು ನಾನೇ ಪೆನ್ಸಿಲಿನಲ್ಲಿ ಬರೆದದ್ದನ್ನು ಅವನು ನಿಷ್ಠೆಯಿಂದ ಟೈಪ್ ಮಾಡಿದ್ದ. ಅವರಿಗೆ 'ಆತ್ಮೀಯ ಕೇಳಿ ಪ್ರಯೋಜನವಿಲ್ಲ ಅವರೇ.'

ರಾತ್ರಿ ಫೋನ್ ಸ್ವಿಚ್ ಆಫ್ ಮಾಡಿ ಮಲಗಿದೆ. ಬೆಳಿಗ್ಗೆ ಹೆದರುತ್ತಲೇ ತೆರೆದೆ. 13 ಜನ ವರ್ಗಣಿ ಕಳಿಸಿದ್ದರು. ಅಧ್ಯಕ್ಷರು ಎರಡು ವರ್ಷದ್ದು ಸೇರಿಸಿ ಕೊಟ್ಟಿದ್ದರು. ಹೆಸರು ಯಾಕಿಲ್ಲ ಅಂತ ಒಬ್ಬರೂ ಕೇಳಿರಲಿಲ್ಲ. ತಕರಾರು ಬಂದದ್ದು ಒಂದೇ, ಮಾಷ್ಟ್ರದ್ದು.

'ನಾನು 500 ಅಲ್ಲ, 300. ತಿದ್ದಿ ಇನ್ನೊಮ್ಮೆ ಕಳಿಸಿ.'