ಹದಿನಾಲ್ಕು ಸಾವಿರ ಕಿಲೋಮೀಟರ್ ಎಂದರೆ ಎಷ್ಟು ಹೊತ್ತು?

ಮಕ್ಕಳು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನೆಲೆಸಿರುವ ಬೆಂಗಳೂರಿನ ಮನೆಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರವೆಂದು ಕೇಳಿ ನೋಡಿ, ಯಾರೂ ಕಿಲೋಮೀಟರುಗಳ ಲೆಕ್ಕ ಹೇಳುವುದಿಲ್ಲ. "ನೇರ ವಿಮಾನವಾದರೆ ಹದಿನಾರು ಗಂಟೆ, ನಡುವೆ ಇಳಿದು ಹತ್ತುವುದಾದರೆ ಒಂದು ದಿನವೇ ಅನ್ನಿ" ಎನ್ನುತ್ತಾರೆ. ಅದೇ ಸರಿಯಾದ ಉತ್ತರವೆಂದು ನನಗೂ ಅನ್ನಿಸುತ್ತದೆ. ಸುಮಾರು 14,000 ಕಿಲೋಮೀಟರ್ ಎಂಬ ಅಂಕಿ ಭೂಗೋಳದ ಪರೀಕ್ಷೆಗಲ್ಲದೆ ಬೇರೆ ಯಾವುದಕ್ಕೂ ಒದಗುವಂತೆ ಕಾಣುವುದಿಲ್ಲ.

ಆ ಅಂಕಿಯನ್ನು ಗಂಟೆಗೆ 900 ಕಿಲೋಮೀಟರ್ ವೇಗದಿಂದ ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ಆದರೆ ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಹರಿಯುವ ಗಾಳಿ ಈ ಭಾಗಾಕಾರಕ್ಕೆ ಸೊಪ್ಪು ಹಾಕುವುದಿಲ್ಲ. ಹೋಗುವಾಗ ವಿಮಾನವು ಪೂರ್ವಕ್ಕೆ ಹೊರಟು, ಆ ಗಾಳಿಯನ್ನೇ ಬೆನ್ನಿಗಿಟ್ಟುಕೊಂಡು, ದಾರಿ ಸ್ವಲ್ಪ ಸುತ್ತಾದರೂ ಪರವಾಗಿಲ್ಲವೆಂದು ಶಾಂತಸಾಗರವನ್ನು ದಾಟಬಹುದು. ಬರುವಾಗ ಅದೇ ಗಾಳಿ ಎದುರಾಗುವುದರಿಂದ ಅದನ್ನು ತಪ್ಪಿಸಿಕೊಳ್ಳುವ ಹಾದಿ ಹುಡುಕಬೇಕಾಗುತ್ತದೆ.

ಅಂಥ ಹಾದಿ ಉತ್ತರ ಧ್ರುವದ ಕಡೆಗಿದೆ. ಗೋಡೆಯ ನಕ್ಷೆಯನ್ನಷ್ಟೇ ನೋಡಿದವರಿಗೆ ಇದು ವಿಚಿತ್ರವೆನಿಸೀತು; ಆದರೆ ಎರಡೂ ನಗರಗಳ ರೇಖಾಂಶಗಳ ನಡುವೆ ಸುಮಾರು 160 ಡಿಗ್ರಿ ಅಂತರವಿದ್ದು, ಗೋಲದ ಮೇಲೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ತಾನಾಗಿಯೇ ಧ್ರುವದ ಕಡೆಗೆ ಜಾರಿ ನಿಲ್ಲುತ್ತದೆ. 2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಮಹಿಳಾ ಸಹ ಪೈಲಟ್‌ಗಳ ಕೈಯಲ್ಲಿ, ಧ್ರುವದ ಮೇಲಿನಿಂದಲೇ ಬಂದು ಸೋಮವಾರ ನಸುಕಿನಲ್ಲಿ ಬೆಂಗಳೂರಿಗಿಳಿಯಿತು. ಹಾರಿದ್ದು ಹದಿನೇಳು ಗಂಟೆಗೂ ಹೆಚ್ಚು. ಪ್ರಯಾಣಿಕರ ಪಾಲಿನ ಭಾನುವಾರ ಪೂರ್ತಿ ಆಕಾಶದಲ್ಲಿಯೇ ಕಳೆದುಹೋಯಿತು. ಆ ದಾರಿಯಲ್ಲಿ ಪೈಲಟ್‌ಗಳು ರೆಕ್ಕೆಯೊಳಗಿನ ಇಂಧನದ ಉಷ್ಣತೆಯ ಮೇಲೂ ಒಂದು ಕಣ್ಣಿಟ್ಟಿರಬೇಕು, ಏಕೆಂದರೆ ಅಮೆರಿಕದಲ್ಲಿ ತುಂಬಿಸುವ ಸಾಮಾನ್ಯ ವಿಮಾನ ಇಂಧನವು ಮೈನಸ್ 40 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟತೊಡಗುತ್ತದೆ, ಹೊರಗಿನ ಗಾಳಿಯೋ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಕಂಬಳಿ ಹೊದ್ದು ಎರಡನೆಯ ಊಟಕ್ಕೆ ಕಾಯುತ್ತಿರುವ ನಮಗೆ ಇದನ್ನು ಯಾರೂ ಹೇಳುವುದಿಲ್ಲ, ಹೇಳದಿರುವುದೇ ಒಳ್ಳೆಯದು.

ಹೋಗುವಾಗಿನ ಟಿಕೆಟ್ಟಿನಲ್ಲಿ ಇನ್ನೊಂದು ತಮಾಷೆಯಿದೆ. ಚಳಿಗಾಲದಲ್ಲಿ ಮಧ್ಯಾಹ್ನ ಎರಡಕ್ಕೆ ಬೆಂಗಳೂರು ಬಿಟ್ಟು ಹದಿನಾರು ಗಂಟೆ ಹಾರಿದವರು, ಹದಿಮೂರೂವರೆ ಗಂಟೆ ಹಿಂದಿರುವ ಅಲ್ಲಿನ ಗಡಿಯಾರದ ಪ್ರಕಾರ, ಅದೇ ದಿನ ಸಂಜೆ ನಾಲ್ಕೂವರೆಗೆ ಇಳಿಯುತ್ತಾರೆ. ಬರೀ ಗಡಿಯಾರವನ್ನು ನಂಬುವುದಾದರೆ ಸ್ಯಾನ್ ಫ್ರಾನ್ಸಿಸ್ಕೊವೂ ಮೈಸೂರಿನಷ್ಟೇ ಹತ್ತಿರ. ಆದರೆ ಈ ಯಾವ ಲೆಕ್ಕದಲ್ಲಿಯೂ ದೇವನಹಳ್ಳಿಯವರೆಗಿನ ದಾರಿ ಸೇರಿರುವುದಿಲ್ಲ. ಹೆಬ್ಬಾಳದ ಮೇಲ್ಸೇತುವೆಯನ್ನು ಬಲ್ಲ ಜಯನಗರದವರು ಮಧ್ಯಾಹ್ನ ಎರಡರ ವಿಮಾನಕ್ಕೆ ಬೆಳಿಗ್ಗೆ ಎಂಟೂವರೆಗೇ ಕಾರು ಹತ್ತಿರುತ್ತಾರೆ.