ಆ ‘ಮೇ’ ನಿಮಗೇನು ಮಾಡಿತ್ತು?

ಬೈಯಬೇಕು ಅಂತಲೇ ಕೂತಿದ್ದೇನೆ. ಸಮಾಧಾನ ಬೇಕಿರುವವರು ಮುಂದಿನ ಪೋಸ್ಟಿಗೆ ಹೋಗಿ.

ನಿಮಗೆಲ್ಲ ಗೊತ್ತಲ್ಲ, ಬೇರೆಯವರು ಬರೆದ ಇಂಗ್ಲಿಷ್ ತಿದ್ದೋದು ನನ್ನ ಹೊಟ್ಟೆಪಾಡು. 18 ವರ್ಷ ಆಯಿತು. ಇವತ್ತು ಒಂದು ರಿಪೋರ್ಟ್ ನನ್ನ ಟೇಬಲ್ಲಿಗೆ ಬರುವ ಮೊದಲೇ ಮೇಲಿನವರೊಬ್ಬರು ಅದನ್ನು ತಿದ್ದಿಬಿಟ್ಟಿದ್ದರು. ಬರೆದವಳು ನಮ್ಮಲ್ಲಿಗೆ ಹೊಸದಾಗಿ ಸೇರಿದ ಹುಡುಗಿ. ಅವಳ ವಾಕ್ಯ ಹೀಗಿತ್ತು: ‘ದಿ ಡಿಲೇ ಮೇ ಬಿ ಪಾರ್ಟ್ಲಿ ಡ್ಯೂ ಟು ದಿ ನ್ಯೂ ಸಾಫ್ಟ್‌ವೇರ್.’ ಅಂದರೆ, ತಡ ಆಗಿದ್ದಕ್ಕೆ ಹೊಸ ಸಾಫ್ಟ್‌ವೇರ್ ಸ್ವಲ್ಪಮಟ್ಟಿಗೆ ಕಾರಣ ಇರಬಹುದು ಅಂತ. ಕೆಂಪು ಪೆನ್ನು ಓಡಿದ ಮೇಲೆ ಉಳಿದಿದ್ದು: ‘ದಿ ಡಿಲೇ ಈಸ್ ಡ್ಯೂ ಟು ದಿ ನ್ಯೂ ಸಾಫ್ಟ್‌ವೇರ್.’ ಪಕ್ಕದಲ್ಲಿ ‘ಬಿ ಕಾನ್ಫಿಡೆಂಟ್’ ಅಂತ ಬರೆದು ಎರಡು ಆಶ್ಚರ್ಯಸೂಚಕ ಚಿಹ್ನೆ. ಒಂದು ಸಾಲದು ಅನ್ನಿಸಿರಬೇಕು.

ಹುಡುಗಿಯನ್ನು ಕರೆದು ಕೇಳಿದೆ, ಯಾಕಮ್ಮ ‘ಮೇ’ ಹಾಕಿದ್ದೆ ಅಂತ. ಅವಳು ಹೇಳಿದ್ದು ಕೇಳಿ. ಹೊಸ ಸಾಫ್ಟ್‌ವೇರ್ ಬಂದ ವಾರವೇ ಅದನ್ನು ನಡೆಸುವ ಇಬ್ಬರು ರಜೆ ಹಾಕಿದ್ದರಂತೆ. ಇವಳ ಕೈಗೆ ಸಿಕ್ಕಿದ್ದು ಬರೀ ಮೂರು ವಾರದ ಲೆಕ್ಕ. ಕಾರಣ ಸಾಫ್ಟ್‌ವೇರೇ ಅಂತ ಹೇಳೋಕೆ ಅಷ್ಟು ಸಾಲದು, ಅದಕ್ಕೆ ‘ಮೇ’. ಹೌದು ಅಂತಲೇ ಇಟ್ಟುಕೊಂಡರೂ ತಡ ಆಗಿದ್ದರಲ್ಲಿ ಅದರ ಪಾಲು ಎಷ್ಟೋ ಗೊತ್ತಿಲ್ಲ, ಅದಕ್ಕೆ ‘ಪಾರ್ಟ್ಲಿ’. ಎರಡು ಬೇರೆ ಬೇರೆ ಅನುಮಾನ, ಎರಡಕ್ಕೂ ಒಂದೊಂದು ಪದ. ಇಷ್ಟು ಅಚ್ಚುಕಟ್ಟಾದ ವಾಕ್ಯ ನನ್ನ ಟೇಬಲ್ಲಿಗೆ ತಿಂಗಳಿಗೊಂದು ಬಂದರೆ ಜಾಸ್ತಿ. ಅದನ್ನು ಹೊಡೆದುಹಾಕಿ, ಧೈರ್ಯವಾಗಿ ಬರಿ ಅಂತ ಉಪದೇಶ ಬೇರೆ.

ಸಂಜೆಯೊಳಗೆ ಸಾಫ್ಟ್‌ವೇರ್ ನೋಡಿಕೊಳ್ಳುವವರಿಗೆ ವಿವರಣೆ ಕೇಳಿ ಮೇಲ್ ಹೋಯಿತು. ಅವರು ತಿರುಗಿ ಕೇಳಿದರು: ಹೀಗಂತ ಬರೆದಿದ್ದು ಯಾರು? ರಿಪೋರ್ಟಿನ ಕೆಳಗೆ ಯಾರ ಹೆಸರಿತ್ತು ಹೇಳಿ. ಕೆಂಪು ಪೆನ್ನಿನವರದ್ದಂತೂ ಅಲ್ಲ.

ಇಂಗ್ಲಿಷ್ ಬರವಣಿಗೆ ಕಲಿಸುವವರಲ್ಲಿ ಇದೊಂದು ಚಾಳಿ. ‘ಐ ಥಿಂಕ್’ ಬೇಡ. ‘ಪರ್‌ಹ್ಯಾಪ್ಸ್’ ಬೇಡ. ‘ಇಟ್ ಸೀಮ್ಸ್’ ಅಂತೂ ಬೇಡವೇ ಬೇಡ. ಬರೆದವರು ನೀವೇ ಅಂದಮೇಲೆ ಅದು ನಿಮ್ಮ ಅನಿಸಿಕೆ ಅಂತ ಓದುವವರಿಗೆ ಗೊತ್ತಾಗಲ್ವಾ ಅಂತ ವಾದ. ಗೊತ್ತಾಗಲ್ಲ ಸ್ವಾಮಿ! ಒಂದೇ ಪ್ಯಾರಾದಲ್ಲಿ ಮೊದಲ ಸಾಲು ನಾನು ಎಣಿಸಿದ್ದು, ಎರಡನೆಯದು ಯಾರೋ ಹೇಳಿದ್ದು, ಮೂರನೆಯದು ನನ್ನ ಊಹೆ. ಮೂರನ್ನೂ ‘ಈಸ್, ಈಸ್, ಈಸ್’ ಅಂತ ಬರೆದರೆ ಓದುವವರು ಯಾವುದನ್ನು ನಂಬಬೇಕು?

1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ರಚನೆಯ ಬಗ್ಗೆ ‘ನೇಚರ್’ ಪತ್ರಿಕೆಗೆ ಬರೆದರಲ್ಲ, ಆ ಪುಟ್ಟ ಲೇಖನದ ಮೊದಲ ವಾಕ್ಯವೇ ‘ವಿ ವಿಶ್ ಟು ಸಜೆಸ್ಟ್’ ಅಂತ ಶುರುವಾಗುತ್ತೆ. ಹೀಗೊಂದು ರಚನೆಯನ್ನು ಸೂಚಿಸಲು ಬಯಸುತ್ತೇವೆ, ಅಷ್ಟೇ. ಮಾಡಿದ್ದು ಆ ಶತಮಾನದ ದೊಡ್ಡ ಶೋಧ, ಆಡಿದ ಮಾತು ಇಷ್ಟು ಮೆತ್ತಗೆ. ಕೊನೆಯಲ್ಲಿ ಇನ್ನೊಂದು ಸಾಲು ಇದೆ, ಈ ಜೋಡಣೆ ನೋಡಿದರೆ ಜೀವದ ಮಾಹಿತಿ ನಕಲಾಗುವ ಒಂದು ದಾರಿಯೂ ಹೊಳೆಯುತ್ತೆ, ಅದು ನಮ್ಮ ಕಣ್ಣು ತಪ್ಪಿಲ್ಲ ಅಂತ. ವಿನಯದ ಅಂಗಿ ತೊಟ್ಟ ಜಂಬ ಅದು, ಒಪ್ಪುತ್ತೇನೆ. ಆದರೂ 1962ರಲ್ಲಿ ನೊಬೆಲ್ ಬಂತು. ನಮ್ಮ ಕೆಂಪು ಪೆನ್ನಿಗೆ ಆ ಲೇಖನ ಸಿಕ್ಕಿದ್ದರೆ ‘ಬಿ ಕಾನ್ಫಿಡೆಂಟ್, ಜೆಂಟಲ್‌ಮೆನ್’ ಅಂತ ಬರೆದು ವಾಪಸ್ ಕಳಿಸುತ್ತಿದ್ದರು.

ನನಗೆ ಜಾಸ್ತಿ ಉರಿಯೋದು ಇಲ್ಲಿ. ಕನ್ನಡದಲ್ಲಿ ಇದೇ ಜನ ಹೀಗೆ ಮಾತಾಡಲ್ಲ. ಮಳೆ ಬರುತ್ತೆ. ಮಳೆ ಬರಬಹುದು. ಮಳೆ ಬಂದೀತು. ಮಳೆ ಬರುತ್ತಂತೆ. ಮಳೆ ಬರುತ್ತೇನೋ. ಐದೂ ಬೇರೆ ಮಾತು ಅಂತ ಮಕ್ಕಳಿಗೂ ಗೊತ್ತು. ‘ಬಂದೀತು’ ಅಂದರೆ ಒಂದು ಎಚ್ಚರಿಕೆ, ಕೊಡೆ ತಗೊಂಡು ಹೋಗು ಅಂತ. ‘ಬರುತ್ತಂತೆ’ ಅಂದರೆ ನಾನು ನೋಡಿಲ್ಲ, ಕೇಳಿದ್ದು, ತಪ್ಪಾದರೆ ನನ್ನನ್ನು ಹಿಡಿಯಬೇಡಿ. ‘ಬಂದೀತು’ಗೆ ಶಾಲೆಯ ವ್ಯಾಕರಣದಲ್ಲಿ ಸಂಭಾವನಾರ್ಥಕ ಅಂತ ಹೆಸರೂ ಇದೆ. ‘ಬಂದೀತು’ ಅಂದವರಿಗೆ ಯಾರಾದರೂ ಧೈರ್ಯ ಸಾಲದು ಅಂತ ಬೈದಿದ್ದಾರಾ?

ಕನ್ನಡದಲ್ಲಿ ಅನುಮಾನ ಕ್ರಿಯಾಪದದ ಬಾಲಕ್ಕೇ ಅಂಟಿಕೊಂಡಿರುತ್ತೆ. ಎಳೆದರೆ ಮಾತೇ ಮುರಿಯುತ್ತೆ. ಇಂಗ್ಲಿಷಿನಲ್ಲಿ ‘ಮೇ’, ‘ಪ್ರಾಬಬ್ಲಿ’, ‘ಅಪರೆಂಟ್ಲಿ’ ಎಲ್ಲ ಬಿಡಿಬಿಡಿಯಾಗಿ ನಿಂತಿರುತ್ತವೆ. ಕೆಂಪು ಪೆನ್ನಿಗೆ ಸುಲಭದ ತುತ್ತು. ತೆಗೆದರೂ ವ್ಯಾಕರಣ ಸರಿಯಾಗೇ ಕಾಣುತ್ತಲ್ಲ, ಹಾಗಾಗಿ ಏನೂ ಕಳೆದಿಲ್ಲ ಅಂತ ತಿದ್ದಿದವರ ಭ್ರಮೆ.

ಈಗ ಒಬ್ಬರು ಬರ್ತಾರೆ ಕಾಮೆಂಟಿಗೆ, ನನಗೆ ಗೊತ್ತು. ‘ಇಂಥ ಪದಗಳಿಗೆ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಳ್ತಾರೆ, ಅದಕ್ಕೇ ಬೇಡ ಅನ್ನೋದು’ ಅಂತ. ಸರಿ, ಇದರಲ್ಲಿ ಸತ್ಯ ಇದೆ. 1951ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಒಂದು ವರದಿ ಬರೆಯಿತು. ಆ ವರ್ಷ ಯುಗೊಸ್ಲಾವಿಯಾದ ಮೇಲೆ ದಾಳಿ ಆಗುವ ‘ಸೀರಿಯಸ್ ಪಾಸಿಬಿಲಿಟಿ’ ಇದೆ ಅಂತ. ಆ ವರದಿ ತಯಾರಿಸಿದವರಲ್ಲಿ ಒಬ್ಬರಾದ ಶರ್ಮನ್ ಕೆಂಟ್ ಎಂಬವರನ್ನು ಒಬ್ಬ ಅಧಿಕಾರಿ ಕೇಳಿದರು, ಹಾಗಂದರೆ ಎಷ್ಟು? ಕೆಂಟ್ ಅಂದರು, ನನ್ನ ಪ್ರಕಾರ ನೂರಕ್ಕೆ 65. ಕೇಳಿದವರಿಗೆ ಗಾಬರಿ, ಅವರು ತುಂಬಾ ಕಡಿಮೆ ಅಂದುಕೊಂಡಿದ್ದರು. ಆಮೇಲೆ ಕೆಂಟ್ ತಮ್ಮ ಜೊತೆಗಾರರನ್ನೇ ಕೇಳಿ ನೋಡಿದರೆ 20ರಿಂದ 80ರವರೆಗೆ ಉತ್ತರ! ಒಟ್ಟಿಗೆ ಕೂತು ಒಪ್ಪಿಕೊಂಡ ಪದ ಅದು.

ಅದಕ್ಕೆ ಅವರು ಏನು ಮಾಡಿದರು? ‘ದಾಳಿ ಆಗುತ್ತೆ’ ಅಂತ ಬರೀರಿ ಅಂದರಾ? ಇಲ್ಲಪ್ಪ. ಯಾವ ಪದಕ್ಕೆ ಎಷ್ಟು ಅಂತ ಅಳತೆ ಗೊತ್ತು ಮಾಡೋಣ ಅಂದರು. ಹವಾಮಾನ ಬದಲಾವಣೆಯ ವರದಿ ಕೊಡುವ ಐಪಿಸಿಸಿ ಇವತ್ತಿಗೂ ಅಂಥದ್ದನ್ನೇ ಮಾಡುತ್ತೆ. ಅದರ ಲೆಕ್ಕದಲ್ಲಿ ‘ಲೈಕ್ಲಿ’ ಅಂದರೆ ಶೇ. 66 ಅಥವಾ ಹೆಚ್ಚು, ‘ವೆರಿ ಲೈಕ್ಲಿ’ ಅಂದರೆ ಶೇ. 90 ಅಥವಾ ಹೆಚ್ಚು. ತಕ್ಕಡಿ ಸರಿಯಿಲ್ಲ ಅಂದರೆ ರಿಪೇರಿ ಮಾಡ್ತಾರೆ. ತೂಗೋದನ್ನೇ ಬಿಡಲ್ಲ.

ಇನ್ನೊಂದು ಆಕ್ಷೇಪಣೆ ಇದೆ, ಅದು ನನಗೇ ತಾಗುವಂಥದ್ದು. ಇಂಥ ಪದಗಳಿಗೆ ಇಂಗ್ಲಿಷಿನಲ್ಲಿ ‘ಹೆಜ್’ ಅಂತಾರೆ, ಅಂದರೆ ಬೇಲಿ. ಬೇಲಿಯೇ ಎದ್ದು ಹೊಲ ಮೇಯುವುದೂ ಉಂಟು. ‘ಇಟ್ ಕುಡ್ ಪರ್‌ಹ್ಯಾಪ್ಸ್ ಬಿ ಸೆಡ್ ದಟ್ ಇಟ್ ಮೇ ಸೀಮ್’ ಅಂತ ಶುರುವಾಗುವ ವಾಕ್ಯ ವಾರಕ್ಕೆ ನಾಲ್ಕು ಬರುತ್ತೆ ನನಗೆ. ಹೇಳಿದ್ದೂ ಆಗಬೇಕು, ಹೇಳಿಲ್ಲ ಅಂತಲೂ ಆಗಬೇಕು.

ನಾನು ಬರೆದಿಲ್ಲವಾ? ಬರೆದಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ದೊಡ್ಡವರೊಬ್ಬರು ಕೂಡಿಸಿದ ಲೆಕ್ಕ ತಪ್ಪಾಗಿತ್ತು. ಮೂರು ಸಲ ಕೂಡಿಸಿ ನೋಡಿದ್ದೆ. ತಪ್ಪೇ. ಆದರೂ ಪತ್ರ ಶುರು ಮಾಡಿದ್ದು ‘ಐ ಮೇ ಬಿ ರಾಂಗ್, ಬಟ್’ ಅಂತ. ಅವರಿಂದ ಒಂದೇ ಸಾಲಿನ ಉತ್ತರ ಬಂತು: ‘ಯೆಸ್, ಯು ಮೇ ಬಿ.’ ಅಲ್ಲಿಗೆ ಮುಗಿಯಿತು. ತಪ್ಪು ಮೊತ್ತವೇ ಮುಂದಕ್ಕೆ ಹೋಯಿತು, ನಾನು ಸುಮ್ನಾದೆ. ಇವತ್ತಿಗೂ ನೆನಪಾದರೆ ಕಿವಿ ಬಿಸಿಯಾಗುತ್ತೆ.

ಆದರೆ ನನಗೆ ಅಲ್ಲಿ ಅನುಮಾನವೇ ಇರಲಿಲ್ಲ, ಇದ್ದಿದ್ದು ಹೆದರಿಕೆ. ಈ ಹುಡುಗಿಗೆ ಹೆದರಿಕೆ ಇಲ್ಲ, ಇದ್ದಿದ್ದು ಅನುಮಾನ. ನಾನು ಬರೆದ ‘ಮೇ’ ಸುಳ್ಳು, ಅವಳು ಬರೆದಿದ್ದು ನಿಜ. ಎರಡಕ್ಕೂ ಒಂದೇ ಕೆಂಪು ಗೀಟು ಎಳೆಯುವವರಿಗೆ ಇಂಗ್ಲಿಷ್ ಬಂದರೆಷ್ಟು, ಬಿಟ್ಟರೆಷ್ಟು?

ಹೊರಡುವಾಗ ಹುಡುಗಿ ಬಂದು ಕೇಳಿದಳು, ‘ಮೇಡಂ, ಮುಂದಿನ ಸಲ ಹೇಗೆ ಬರೀಲಿ?’ ಹೀಗೇ ಬರಿ, ಜೊತೆಗೆ ಯಾಕೆ ‘ಮೇ’ ಅನ್ನೋದನ್ನೂ ಅದೇ ಸಾಲಿನಲ್ಲಿ ಹಾಕು ಅಂದೆ. ಮೂರು ವಾರದ ಲೆಕ್ಕ, ಇಬ್ಬರ ರಜೆ, ಎಲ್ಲ. ಆಗ ಕಿತ್ತುಹಾಕುವವರ ಕೈ ಸ್ವಲ್ಪ ತಡೆದೀತು. ನೋಡಿ, ‘ತಡೆದೀತು’ ಅಂದೆ. ತಡೆಯುತ್ತೆ ಅನ್ನುವ ಧೈರ್ಯ ನನಗಿಲ್ಲ.

ಅವಳು ಹೋದ ಮೇಲೆ ಕೆಂಪು ಪೆನ್ನಿನವರಿಗೆ ಒಂದು ಮೇಲ್ ಬರೆಯಲು ಕೂತೆ. ಬೆರಳು ತಾನಾಗೇ ‘ಐ ಮೇ ಬಿ ರಾಂಗ್’ ಅಂತ ಟೈಪ್ ಮಾಡಿತು. ಅಳಿಸಿದೆ. ‘ದಿ ಕರೆಕ್ಷನ್ ಈಸ್ ರಾಂಗ್’ ಅಂತ ಬರೆದು, ಕೆಳಗೆ ಮೂರು ವಾರದ ಲೆಕ್ಕ ಅಂಟಿಸಿ, ಕಳಿಸಿದೆ. ಇದನ್ನು ಬರೆಯುವ ಹೊತ್ತಿಗೆ ಅವರು ಓದಿದ್ದಾರೆ ಅಂತ ತೋರಿಸ್ತಿದೆ. ಉತ್ತರ ಬಂದಿಲ್ಲ.